ಗವಂಡಿಯ ದಾರ, ಗಣಿತದ ಪಾಠ: ಐಟಿಐ–ಅಪ್ರೆಂಟಿಸ್ ದಾರಿ ಹಿಡಿಯುವ ಮಕ್ಕಳಿಗಾಗಿ ಮೂರು ಅವಧಿಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಗವಂಡಿಗಳು, ಸೆಂಟ್ರಿಂಗ್‌ನವರು, ಖಡಿ-ಉಸುಕು ಹೊರುವವರು ಬಹಳ. ಬೋಧನಾಭ್ಯಾಸಕ್ಕೆ ಹೋದ ಶಾಲೆಗಳಲ್ಲಿ ಇವರ ಮಕ್ಕಳೇ ನಮ್ಮೆದುರು ಕೂತಿರುತ್ತಾರೆ. ಹತ್ತನೇ ತರಗತಿ ಆದ ಮೇಲೆ ಕೆಲವರು ಐಟಿಐಗೆ ಸೇರುತ್ತಾರೆ. ಗಣಿತದಲ್ಲಿ ಉಳಿದವರು ಅಪ್ಪನ ಹಿಂದೆ ಹೆಲ್ಪರ್ ಆಗಿ ಹೋಗುತ್ತಾರೆ. ಎಲೆಕ್ಟ್ರಿಷಿಯನ್, ಸಿವಿಲ್ ಡ್ರಾಫ್ಟ್ಸ್‌ಮನ್, ಸರ್ವೇಯರ್ ಟ್ರೇಡ್‌ಗಳಿಗೆ ಗಣಿತ, ವಿಜ್ಞಾನದೊಂದಿಗೆ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಹಾಗಾಗಿ ಬಾಗಿಲು ತೆರೆಯುವುದೂ ಮುಚ್ಚುವುದೂ ನಾವು ಕಲಿಸುವ ವಿಷಯವೇ.

ಒಂಬತ್ತನೇ ತರಗತಿಗೆ ನಾನು ಯೋಜಿಸಿದ ಮೂರು ಅವಧಿಗಳ ವಿವರ ಇಲ್ಲಿದೆ. ಉಪಕರಣಗಳು: ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್ ಇರುವ ಟೇಪು, ಗವಂಡಿ ದಾರ, ನಾಲ್ಕು ಗೂಟ, ಒಂದು ತುಂಡು ಸರಳು.

ಮೊದಲ ಅವಧಿ ಶಾಲೆಯ ಅಂಗಳದಲ್ಲಿ. ಪಾಯಾ ಹಾಕುವಾಗ ಮೂಲೆ ನೇರ ಇದೆ ಎಂದು ಹೇಗೆ ತಿಳಿಯುತ್ತಾರೆ ಎಂಬುದು ಪ್ರಶ್ನೆ. ಒಬ್ಬ ಹುಡುಗ ತಕ್ಷಣ ಹೇಳಿದ: "ನಮ್ಮಪ್ಪ ಮೂರು, ನಾಕು, ಐದು ಹಿಡೀತಾನ್ರೀ ಸರ್." ಅವನ ಉತ್ತರವೇ ಪಾಠದ ಪೂರ್ವಜ್ಞಾನವಾಯಿತು. ಇಲ್ಲಿ ನಾವು ಶಿಕ್ಷಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪುಸ್ತಕದ ಹೆಚ್ಚಿನ ಲೆಕ್ಕಗಳಲ್ಲಿ ಲಂಬಕೋನ ಕೊಟ್ಟಿರುತ್ತಾರೆ, ಬಾಹು ಕೇಳುತ್ತಾರೆ. ಗವಂಡಿಯ ಹತ್ತಿರ ಇರುವುದು ಬಾಹುಗಳು, ಅವನಿಗೆ ಬೇಕಾದದ್ದು ಕೋನ. ಅಂದರೆ ಅವನು ದಿನಾ ಬಳಸುವುದು ಪೈಥಾಗೊರಸ್ ಪ್ರಮೇಯವನ್ನಲ್ಲ, ಅದರ ವಿಲೋಮವನ್ನು. ತರಗತಿಯಲ್ಲಿ ವಿಲೋಮವನ್ನು ಎರಡು ಸಾಲಲ್ಲಿ ಮುಗಿಸಿಬಿಡುವ ನಮ್ಮ ರೂಢಿಗೆ ಇದು ಸಾಕಷ್ಟು ಉತ್ತರ.

ಮುಂದಿನ ಪ್ರಶ್ನೆಯೂ ಮಕ್ಕಳಿಂದಲೇ ಬಂತು. ದೊಡ್ಡ ಮನೆಗೆ 3-4-5ರ ಬದಲು 9-12-15 ಯಾಕೆ ಹಿಡಿಯುತ್ತಾರೆ? ಅನುಪಾತ ಒಂದೇ, ಕೋನವೂ ಒಂದೇ ಆಗಬೇಕಲ್ಲ? ಟೇಪು ಜಗ್ಗುವಾಗ ಕರ್ಣದಲ್ಲಿ ಅರ್ಧ ಇಂಚು ಹೆಚ್ಚಾಯಿತು ಅಂದುಕೊಳ್ಳೋಣ. 3-4-5 ಹಿಡಿದಿದ್ದರೆ ಮೂಲೆ ಸುಮಾರು 91 ಡಿಗ್ರಿಯಾಗಿ, 20 ಅಡಿ ಗೋಡೆಯ ತುದಿ ಸುಮಾರು 4 ಇಂಚು ಹೊರಗೆ ಹೋಗುತ್ತದೆ. 9-12-15 ಹಿಡಿದಿದ್ದರೆ ಅದೇ ಅರ್ಧ ಇಂಚಿನ ತಪ್ಪಿಗೆ ಗೋಡೆ ಸರಿಯುವುದು ಒಂದೂವರೆ ಇಂಚಿಗಿಂತ ಕಡಿಮೆ. ಇದನ್ನು ಸೂತ್ರದಿಂದ ಸಾಧಿಸಲು ಒಂಬತ್ತನೇ ತರಗತಿಯ ಗಣಿತ ಸಾಲದು. ಗೂಟ ಹೊಡೆದು, ದಾರ ಉದ್ದಕ್ಕೆ ಎಳೆದು ಅಳೆದರೆ ಸಾಕು, ಕಣ್ಣಿಗೇ ಕಾಣುತ್ತದೆ. ಈ ಒಂದು ಚಟುವಟಿಕೆಗೇ ಪೂರ್ತಿ ಅವಧಿ ಹೋಯಿತು. ಹೋಗಲಿ ಎಂದೇ ಬಿಟ್ಟೆ.

ಎರಡನೇ ಅವಧಿಗೆ ಸಿಲಿಂಡರಿನ ಘನಫಲ. ಪುಸ್ತಕದ ಡಬ್ಬಿಯ ಬದಲು ಕೈಯಲ್ಲಿ ಸರಳು. ಸೈಟಿನಲ್ಲಿ ಎಲ್ಲರೂ ಬಳಸುವ ಸೂತ್ರವೊಂದಿದೆ: ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋದಲ್ಲಿ ಸಿಗುತ್ತದೆ. ಈ 162 ಎಲ್ಲಿಂದ ಬಂತು? ಒಂದು ಮೀಟರ್ ಉದ್ದದ ಸಿಲಿಂಡರಿನ ಘನಫಲವನ್ನು ಉಕ್ಕಿನ ಸಾಂದ್ರತೆಯಿಂದ, ಅಂದರೆ ಘನ ಮೀಟರಿಗೆ 7850 ಕಿಲೋದಿಂದ, ಗುಣಿಸಿ ಸಂಕ್ಷೇಪಿಸಿದರೆ ಬರುವುದು ಅದೇ. 12 ಮಿ.ಮೀ. ಸರಳು ಮೀಟರಿಗೆ 0.889 ಕಿಲೋ, 12 ಮೀಟರಿನ ಪೂರ್ತಿ ಸರಳು ಸುಮಾರು 10.67 ಕಿಲೋ.

ವಾದ ಎದ್ದದ್ದು ಇಲ್ಲಿ. ನಮ್ಮ ಕಡೆ ಈ ಸರಳಿಗೆ ನಾಲ್ಕು ಸೂತ ಅನ್ನುತ್ತಾರೆ. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಪಾಲು. ನಾಲ್ಕು ಸೂತ ಅರ್ಧ ಇಂಚು, ಅಂದರೆ 12.7 ಮಿ.ಮೀ. ಆ ಅಳತೆ ಹಾಕಿದ ಗುಂಪಿಗೆ ಪೂರ್ತಿ ಸರಳು ಹತ್ತಿರ ಹತ್ತಿರ 12 ಕಿಲೋ ಬಂತು. ಒಂದು ಸರಳಿಗೆ ಒಂದೂಕಾಲು ಕಿಲೋ ವ್ಯತ್ಯಾಸ! ಸೂತ ಈಗ ಕರೆಯುವ ಹೆಸರಾಗಿ ಉಳಿದಿದೆ, ಸರಳು ತಯಾರಾಗುವುದು ಮಿಲಿಮೀಟರಿನಲ್ಲಿ. ಇದನ್ನು ಮೊದಲು ಹಿಡಿದವಳು ಒಬ್ಬ ಹುಡುಗಿ. ಅವಳ ತಾಯಿ ಕಟ್ಟಡ ಕೆಲಸದಲ್ಲಿ ಬುಟ್ಟಿ ಹೊರುತ್ತಾರೆ. ಹೆಣ್ಣುಮಕ್ಕಳು ಬುಟ್ಟಿ ಹೊರುತ್ತಾರೆ, ಟೇಪು ಹಿಡಿಯುವವರು ಮಾತ್ರ ಗಂಡಸರು ಎಂಬ ಏರ್ಪಾಡು ತರಗತಿಯಲ್ಲೂ ತಾನಾಗಿ ಶುರುವಾಗುತ್ತದೆ. ಆದ್ದರಿಂದ ಗುಂಪು ಮಾಡುವಾಗ ಟೇಪು ಯಾರ ಕೈಗೆ ಎಂಬುದನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಬ್ರಾಸ್‌ನ ಲೆಕ್ಕ ಬೇಗ ಮುಗಿಯಿತು. ಒಂದು ಬ್ರಾಸ್ ಉಸುಕು 100 ಘನ ಅಡಿ, ಅಂದರೆ 2.83 ಘನ ಮೀಟರ್. ಅಡಿಗೆ 0.3048 ಮೀಟರ್ ಎಂದು ಎಲ್ಲರಿಗೂ ಗೊತ್ತು, ಅದನ್ನು ಮೂರು ಸಲ ಗುಣಿಸಬೇಕು ಎಂಬುದೇ ಮರೆಯುವುದು. ಐಟಿಐಯಲ್ಲಿ ವರ್ಕ್‌ಶಾಪ್ ಕ್ಯಾಲ್ಕ್ಯುಲೇಷನ್ ಎಂಬ ವಿಷಯವೇ ಇದೆ. ಅಲ್ಲಿ ಏಕಮಾನ ಪರಿವರ್ತನೆ ಮೊದಲ ಮೆಟ್ಟಿಲು.

"ಗವಂಡಿ ಮಗನಿಗೆ ಮತ್ತೆ ಗವಂಡಿ ಪಾಠ ಯಾಕ್ರಿ?" ಎಂದು ಸಿಬ್ಬಂದಿ ಕೊಠಡಿಯಲ್ಲಿ ಒಬ್ಬ ಹಿರಿಯ ಶಿಕ್ಷಕರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಈ ಲೆಕ್ಕ ಡಿಪ್ಲೊಮಾಕ್ಕೂ ಇಂಜಿನಿಯರಿಂಗಿಗೂ ಬೇಕು, ಅದು ಯಾವ ದಾರಿಯನ್ನೂ ಮುಚ್ಚುವುದಿಲ್ಲ. ಹೇಗೂ ಸೈಟಿಗೇ ಹೋಗುವ ಹುಡುಗ ಯಾವ ಹೆಸರಿನಲ್ಲಿ ಹೋಗುತ್ತಾನೆ ಎಂಬುದು ನನ್ನ ಚಿಂತೆ. ಮೂರನೇ ಅವಧಿಯ ಅರ್ಧವನ್ನು ಅದಕ್ಕೇ ಇಟ್ಟಿದ್ದೆ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್‌ಗೆ ಕನಿಷ್ಠ 14 ವರ್ಷ ಆಗಿರಬೇಕು, ಅಪಾಯಕಾರಿ ಉದ್ಯಮಗಳ ಟ್ರೇಡ್ ಆದರೆ 18. ಲಿಖಿತ ಒಪ್ಪಂದ ಇರಬೇಕು, ಅಭ್ಯರ್ಥಿ ಅಪ್ರಾಪ್ತ ವಯಸ್ಸಿನವನಾದರೆ ಪೋಷಕರು ಅದಕ್ಕೆ ಸಹಿ ಹಾಕುತ್ತಾರೆ. ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. ಮಾಡಿದ ಕೆಲಸದ ಲೆಕ್ಕದ ಮೇಲೆ, ನಮ್ಮಲ್ಲಿ ಗುತ್ತಿಗೆ ಅನ್ನುವ ಹಾಗೆ, ಕೊಡುವಂತಿಲ್ಲ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟು, ತಿಂಗಳಿಗೆ 1500 ರೂಪಾಯಿವರೆಗೆ, ಕೇಂದ್ರ ಸರಕಾರ ಭರಿಸುತ್ತದೆ. ಹೆಲ್ಪರ್‌ಗೆ ಇದಾವುದೂ ಇಲ್ಲ. ಆದರೆ ಹೆಲ್ಪರ್‌ನ ದಿನಗೂಲಿ ಸ್ಟೈಪೆಂಡಿಗಿಂತ ಹೆಚ್ಚಿರುತ್ತದೆ ಎಂದು ಮಕ್ಕಳೇ ಹೇಳಿದರು. ಆ ಮಾತನ್ನು ಮುಚ್ಚಿಡಲು ಹೋಗಬಾರದು. ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ, ಮೊದಲ ವರ್ಷ ಮತ್ತು ಐದನೇ ವರ್ಷ ಎಂದು ಅವರಿಂದಲೇ ಲೆಕ್ಕ ಹಾಕಿಸಿದೆ. ಇಬ್ಬರು ಹೆಲ್ಪರ್ ಕಾಲಂನಲ್ಲೇ ನಿಂತರು, ಮನೆಯ ಸಾಲದ ಕಾರಣ ಹೇಳಿದರು.

ಈ ಪಾಠ ಮಾಡುವವರಿಗೆ ಇನ್ನೊಂದು ಮಾತು. ಆಧಾರ್‌ನಲ್ಲಿರುವ ಹೆಸರು, ಜನ್ಮದಿನಾಂಕ ಶಾಲಾ ದಾಖಲೆಗೆ ತಾಳೆಯಾಗುತ್ತವೆಯೇ ಎಂದು ಒಂಬತ್ತನೇ ತರಗತಿಯಲ್ಲೇ ನೋಡಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಕಷ್ಟ, ಅಷ್ಟರಲ್ಲಿ ಮನೆಯವರು ಪುಣೆಯಲ್ಲಿರುತ್ತಾರೆ.