ಮಹಾಮಾರಿ ಮತ್ತು ವಿದೇಶಿ ವ್ಯಾಪಾರ: ಸಣ್ಣ ರಫ್ತುದಾರರ ಅನುಭವ

ರೋಗವು ದೇಶದಿಂದ ದೇಶಕ್ಕೆ ಹರಡುವಾಗ ವ್ಯಾಪಾರದ ಮಾರ್ಗವನ್ನೇ ಹಿಡಿಯುತ್ತದೆ ಎಂಬುದು ಬಹುಕಾಲದ ಅನುಭವ. ಏಡ್ರಿಯಾಟಿಕ್ ತೀರದ ರಗೂಸಾ ನಗರವು 1377ರಲ್ಲಿಯೇ ಪ್ಲೇಗು ಪೀಡಿತ ಪ್ರದೇಶಗಳಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸುತ್ತಿತ್ತು. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡ ಮರುವರ್ಷವೇ ವೆನಿಸ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. ಭಾರತದ ಸಾಂಕ್ರಾಮಿಕ ರೋಗಗಳ ಅಧಿನಿಯಮವೂ ಅದೇ 1897ರದು. 2020ರಲ್ಲಿ ಕೋವಿಡ್-19 ಬಂದಾಗಲೂ ಈ ಅಧಿನಿಯಮವನ್ನೇ ಆಶ್ರಯಿಸಬೇಕಾಯಿತು.

2020ರ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯು, ಆ ವರ್ಷ ಸರಕು ವ್ಯಾಪಾರವು ಶೇಕಡಾ 13ರಿಂದ 32ರವರೆಗೆ ಕುಸಿಯಬಹುದೆಂದು ಎಚ್ಚರಿಸಿತ್ತು. ವಾಸ್ತವದಲ್ಲಿ ಕುಸಿತವು ಶೇಕಡಾ 5ರ ಆಸುಪಾಸಿನಲ್ಲಿ ನಿಂತಿತು. ಆದರೆ ಇಂತಹ ಸರಾಸರಿ ಲೆಕ್ಕಗಳಲ್ಲಿ ಸಣ್ಣ ವ್ಯಾಪಾರಿಯ ಸಂಕಟ ಕಾಣುವುದಿಲ್ಲ. ಸರಕು ಸಮುದ್ರದ ಮೇಲಿರುವಾಗಲೇ ಕೊಳ್ಳುವವನ ಅಂಗಡಿ ಮುಚ್ಚಿದರೆ, ಸಾಲ ಮಾಡಿ ಮಾಲು ಕಳುಹಿಸಿದವನ ಗತಿಯೇನು?

ಆಗ ಜಾರಿಯಲ್ಲಿದ್ದ ನಿಯಮದಂತೆ, ರಫ್ತು ಮಾಡಿದ ದಿನದಿಂದ 9 ತಿಂಗಳೊಳಗೆ ಪೂರ್ಣ ಹಣವು ಭಾರತಕ್ಕೆ ಬರಬೇಕಾಗಿತ್ತು. ಹಣ ಬಾರದಿದ್ದರೆ ನಷ್ಟದ ಜೊತೆಗೆ ವಿದೇಶಿ ವಿನಿಮಯ ಕಾನೂನಿನ ತೊಡಕೂ ರಫ್ತುದಾರನ ತಲೆಯ ಮೇಲೆ ಬೀಳುತ್ತಿತ್ತು. ಆದ್ದರಿಂದ ಭಾರತೀಯ ರಿಸರ್ವ್ ಬ್ಯಾಂಕು 2020ರ ಜುಲೈ 31ರವರೆಗಿನ ರಫ್ತುಗಳಿಗೆ ಈ ಅವಧಿಯನ್ನು 15 ತಿಂಗಳಿಗೆ ವಿಸ್ತರಿಸಿತು. ಅದೇ ದಿನಾಂಕದವರೆಗೆ ನೀಡಲಾದ ರಫ್ತು ಸಾಲದ ಗರಿಷ್ಠ ಅವಧಿಯೂ ಒಂದು ವರ್ಷದಿಂದ 15 ತಿಂಗಳಿಗೆ ಏರಿತು. ಇದು ಕೇವಲ ಕಾಲಾವಕಾಶ. ಹಣ ಕೊಡುವ ಹೊಣೆ ಕೊಳ್ಳುವವನ ಮೇಲೆಯೇ ಉಳಿಯಿತೆಂಬುದನ್ನು ಗಮನಿಸಬೇಕು.

ಒಪ್ಪಂದವನ್ನು ಪಾಲಿಸಲಾಗದಿದ್ದವರು ಆಶ್ರಯಿಸಿದ್ದು ‘ಫೋರ್ಸ್ ಮೆಜೂರ್’, ಅಂದರೆ ಮಾನವ ಪ್ರಯತ್ನಕ್ಕೆ ಮೀರಿದ ಆಪತ್ತಿನ ಷರತ್ತನ್ನು. ಸರ್ಕಾರಿ ಖರೀದಿಗೆ ಸಂಬಂಧಿಸಿದಂತೆ, ಕೊರೊನಾ ವೈರಾಣುವಿನಿಂದ ಪೂರೈಕೆ ಕಡಿದುಹೋದರೆ ಅದನ್ನು ನೈಸರ್ಗಿಕ ವಿಪತ್ತೆಂದು ಪರಿಗಣಿಸಬಹುದೆಂದು ಹಣಕಾಸು ಸಚಿವಾಲಯವು 2020ರ ಫೆಬ್ರವರಿ 19ರಂದು ಸ್ಪಷ್ಟಪಡಿಸಿತು. ಖಾಸಗಿ ಒಪ್ಪಂದಗಳ ಮಾತು ಬೇರೆ. ಅಲ್ಲಿ ಒಪ್ಪಂದದ ಪದಗಳೇ ಪ್ರಮಾಣ. ಅಂತಹ ಷರತ್ತು ಇಲ್ಲದಿದ್ದರೆ, ಭಾರತೀಯ ಕಾನೂನಿಗೆ ಒಳಪಟ್ಟ ಒಪ್ಪಂದಕ್ಕೆ 1872ರ ಕರಾರು ಅಧಿನಿಯಮದ 56ನೆಯ ಪ್ರಕರಣ ಅನ್ವಯವಾಗುತ್ತದೆ. ಬೆಲೆ ಏರಿ ವ್ಯವಹಾರ ದುಬಾರಿಯಾಯಿತೆಂಬುದಷ್ಟೇ ವಿನಾಯಿತಿಗೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿಯೇ ಹೇಳಿತ್ತು. ಅನೇಕರು ಸಹಿ ಹಾಕುವಾಗ ಓದದೆ ಬಿಡುವ ಷರತ್ತು ಇದೇ.

ಇನ್ನೊಂದು ಮುಖವೂ ಇದೆ. ವೈದ್ಯರು ಧರಿಸುವ ರಕ್ಷಣಾ ಉಡುಪಿಗೆ ಭಾರತವು ಬಹುತೇಕ ಆಮದನ್ನೇ ನಂಬಿತ್ತು. ಸಿದ್ಧ ಉಡುಪಿನ ವಿದೇಶಿ ಬೇಡಿಕೆ ನಿಂತಾಗ ಹೊಲಿಗೆ ಕಾರ್ಖಾನೆಗಳು ಈ ಕೆಲಸಕ್ಕೆ ತಿರುಗಿದವು. ಬೆಂಗಳೂರು ಇದರ ಪ್ರಮುಖ ಕೇಂದ್ರವಾಯಿತು. ಹೊಲಿಗೆಯ ರಂಧ್ರಗಳ ಮೂಲಕ ದ್ರವ ನುಸುಳದಂತೆ ಪಟ್ಟಿ ಅಂಟಿಸಬೇಕಾಗಿತ್ತು. ಕೃತಕ ರಕ್ತದಿಂದ ಬಟ್ಟೆಯನ್ನು ಪರೀಕ್ಷಿಸುವ ವ್ಯವಸ್ಥೆ ಕೊಯಮತ್ತೂರಿನಲ್ಲಿತ್ತು. 2020ರ ಮೇ ತಿಂಗಳಿನಲ್ಲಿ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಉಡುಪುಗಳು ತಯಾರಾದವು. ಆದರೂ ರಫ್ತಿಗೆ ನಿಷೇಧವಿತ್ತು. ಜೂನ್ ಕೊನೆಯಲ್ಲಿ ತಿಂಗಳಿಗೆ 50 ಲಕ್ಷದ ಮಿತಿಯೊಡನೆ ಅನುಮತಿ ದೊರೆತು, ಆಗಸ್ಟ್‌ನಲ್ಲಿ ಮಿತಿಯೂ ತೆಗೆಯಲ್ಪಟ್ಟಿತು. ದೇಶದ ಆಸ್ಪತ್ರೆಗಳ ಅಗತ್ಯ ಮೊದಲು ಎಂಬ ನೀತಿ ನ್ಯಾಯವಾದುದೇ. ಆದರೆ ಬೇಡಿಕೆ ತೀವ್ರವಾಗಿದ್ದ ತಿಂಗಳುಗಳಲ್ಲಿ ವಿದೇಶಿ ಮಾರುಕಟ್ಟೆಯ ಬಾಗಿಲು ತೆರೆದಿರಲಿಲ್ಲವೆಂಬುದೂ ನಿಜ.

ಬೇಡಿಕೆ ಮರಳಿದಾಗ ಕಂಟೇನರುಗಳ ಅಭಾವ ಕಾಡಿತು. ಖಾಲಿ ಪೆಟ್ಟಿಗೆಗಳು ದೂರದ ಬಂದರುಗಳಲ್ಲಿ ಸಿಕ್ಕಿಬಿದ್ದು ಸಾಗಣೆ ದರ ಹಲವು ಪಟ್ಟು ಏರಿತು. 2021ರ ಮಾರ್ಚ್ 23ರಿಂದ 29ರವರೆಗೆ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ನಿಂತದ್ದು ತೊಂದರೆಯನ್ನು ಹೆಚ್ಚಿಸಿತು.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸಾಗರ ಸರಕು ವಿಮೆಯು ಮಾಲಿಗೆ ಒದಗುವ ಹಾನಿಗೆ ಸಂಬಂಧಿಸಿದ್ದು. ವಿಳಂಬದಿಂದಾದ ನಷ್ಟವನ್ನು ಅದು ಸಾಮಾನ್ಯವಾಗಿ ಭರಿಸುವುದಿಲ್ಲ. ಕೊಳ್ಳುವವನು ದಿವಾಳಿಯಾದರೆ ಅಥವಾ ಹಣ ಕೊಡದಿದ್ದರೆ ರಕ್ಷಣೆ ನೀಡುವುದು ರಫ್ತು ಸಾಲ ವಿಮೆ. 1957ರಲ್ಲಿ ಸ್ಥಾಪಿತವಾದ, ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ಇ.ಸಿ.ಜಿ.ಸಿ. ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ಸಣ್ಣ ರಫ್ತುದಾರರಿಗೂ ಇಂತಹ ಪಾಲಿಸಿಗಳನ್ನು ನೀಡುತ್ತದೆ.