ಅಗಲ ನೋಟದ ಕಿರು ಮಸೂರ ಮತ್ತು ನಮ್ಮ ಪ್ರವಾಸದ ಚಿತ್ರಗಳು

ಪ್ರವಾಸಕ್ಕೆ ಹೋಗಿ ಬಂದವರಲ್ಲಿ ಈಗ ಚಿತ್ರಗಳಿಗೇನೂ ಬರವಿಲ್ಲ. ಕಿಸೆಯಲ್ಲಿರುವ ಫೋನೇ ಕ್ಯಾಮರಾ ಆಗಿರುವಾಗ ಒಂದು ದಿನಕ್ಕೆ ನೂರು ಚಿತ್ರ ತೆಗೆಯುವುದು ದೊಡ್ಡ ಮಾತಲ್ಲ. ಆದರೆ ಆ ಸ್ಥಳವನ್ನು ನೋಡದವನೊಬ್ಬನು ಆ ನೂರು ಚಿತ್ರಗಳಿಂದ ಅದು ಎಷ್ಟು ವಿಶಾಲ, ಎಷ್ಟು ಇಕ್ಕಟ್ಟು, ಯಾವುದರ ಪಕ್ಕಕ್ಕೆ ಯಾವುದಿದೆ ಎಂಬುದನ್ನು ತಿಳಿಯಬಲ್ಲನೆ? ಬಹುಮಟ್ಟಿಗೆ ಇಲ್ಲ. ಈ ಕೊರತೆಯನ್ನು ನೀಗಬಲ್ಲ ಒಂದು ಸಣ್ಣ ಸಾಧನದ ಬಗೆಗೆ, ಅದನ್ನು ನಮ್ಮ ಜಿಲ್ಲೆಯಲ್ಲಿಯೇ ಬಳಸಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಸೂರದ ಸಂಗಮದೂರ ಕಡಿಮೆಯಾದಷ್ಟೂ ಅದರ ನೋಟದ ಕೋನ ಹೆಚ್ಚುತ್ತದೆ. ಸಾಮಾನ್ಯ ಕ್ಯಾಮರಾದೊಡನೆ ಬರುವ ಮಸೂರ 18ರಿಂದ 55 ಮಿ.ಮೀ. ವರೆಗಿನದು. ನಾನು ಬಳಸುವುದು 10ರಿಂದ 18 ಮಿ.ಮೀ. ವರೆಗೆ ಹೊಂದಿಸಬಹುದಾದ ಕೆನನ್ ಮಸೂರ. ಇದು 2014ರಲ್ಲಿ ಹೊರಬಂದಿತು. ತೂಕ 240 ಗ್ರಾಂ. ಒಂದು ಜೋಳದ ರೊಟ್ಟಿಯ ಬುತ್ತಿಗಿಂತ ಹಗುರ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ನಮ್ಮಂಥವರಿಗೆ ಇದು ಸಣ್ಣ ಗುಣವಲ್ಲ. ಈಚಿನ ಅನೇಕ ಫೋನುಗಳಲ್ಲಿಯೂ ಇಂಥದೇ ಅಗಲ ನೋಟದ ಮಸೂರವೊಂದು ಇರುತ್ತದೆ. ಮುಂದೆ ಹೇಳುವ ಮಾತುಗಳು ಅದಕ್ಕೂ ಸಲ್ಲುತ್ತವೆ.

ಈ ಮಸೂರ ಎಷ್ಟನ್ನು ಕಾಣಬಲ್ಲುದು ಎಂಬುದನ್ನು ಹೈಸ್ಕೂಲಿನ ತ್ರೈರಾಶಿಯಿಂದಲೇ ಕಂಡುಹಿಡಿಯಬಹುದು. ಕ್ಯಾಮರಾದೊಳಗೆ ಚಿತ್ರ ಮೂಡುವ ಫಲಕದ ಅಗಲಕ್ಕೂ ಮಸೂರದ ಸಂಗಮದೂರಕ್ಕೂ ಯಾವ ಪ್ರಮಾಣವೋ, ಚಿತ್ರದಲ್ಲಿ ಹಿಡಿಸುವ ವಸ್ತುವಿನ ಅಗಲಕ್ಕೂ ನಮ್ಮಿಂದ ಅದಕ್ಕಿರುವ ದೂರಕ್ಕೂ ಸುಮಾರಾಗಿ ಅದೇ ಪ್ರಮಾಣ. ನನ್ನ ಕ್ಯಾಮರಾದ ಫಲಕ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ.

ಇದನ್ನು ವಿಜಯಪುರದ ಗೋಳಗುಮ್ಮಟಕ್ಕೆ ಅನ್ವಯಿಸಿ ನೋಡೋಣ. 1627ರಿಂದ 1656ರ ವರೆಗೆ ಆಳಿದ ಮುಹಮ್ಮದ್ ಆದಿಲಶಹನ ಈ ಸಮಾಧಿಯ ಒಳಕೋಣೆ ಸುಮಾರು 41 ಮೀಟರ್ ಚೌಕ. ಪಿಸುಮಾತನ್ನೂ ಮರುನುಡಿಯುವ ಪ್ರಸಿದ್ಧ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಒಂದು ಗೋಡೆಗೆ ಬೆನ್ನು ಹಚ್ಚಿ ನಿಂತರೆ ಎದುರಿನ ಗೋಡೆ ನಮ್ಮಿಂದ 40 ಮೀಟರ್ ದೂರ; ಅದಕ್ಕಿಂತ ಹಿಂದೆ ಸರಿಯುವ ದಾರಿಯಿಲ್ಲ. ಕ್ಯಾಮರಾವನ್ನು ಉದ್ದುದ್ದ ತಿರುಗಿಸಿ ನೆಲಕ್ಕೆ ಸಮವಾಗಿ ಹಿಡಿದರೆ 18 ಮಿ.ಮೀ. ಮಸೂರ ನಮ್ಮ ಕಣ್ಣಿನ ಮಟ್ಟದಿಂದ ಮೇಲಕ್ಕೆ ಸುಮಾರು 24 ಮೀಟರ್ ಮಾತ್ರ ಕಾಣುತ್ತದೆ, ಗ್ಯಾಲರಿ ಸಿಕ್ಕುವುದಿಲ್ಲ. 10 ಮಿ.ಮೀ. ಮಸೂರ 44 ಮೀಟರ್ ಕಾಣುತ್ತದೆ. ಗ್ಯಾಲರಿ ಸಿಕ್ಕು, ಅದರ ಮೇಲಿನ ಗುಮ್ಮಟದ ಬುಡವೂ ಸಿಕ್ಕುತ್ತದೆ. ಅದೇ 10 ಮಿ.ಮೀ. ಮಸೂರವನ್ನು ಅಡ್ಡಡ್ಡ ಹಿಡಿದರೆ 30 ಮೀಟರಿಗೇ ನಿಲ್ಲುತ್ತದೆ. ಕೈಯನ್ನು ಒಮ್ಮೆ ತಿರುಗಿಸುವುದರಲ್ಲಿ ಇಷ್ಟು ವ್ಯತ್ಯಾಸ!

ಹಾಗಾದರೆ 18 ಮಿ.ಮೀ. ಮಸೂರವನ್ನೇ ಮೇಲಕ್ಕೆತ್ತಿ ಹಿಡಿಯಬಾರದೇಕೆ ಎಂದು ಕೇಳಬಹುದು. ಹಿಡಿಯಬಹುದು, ಆದರೆ ಕ್ಯಾಮರಾ ಮೇಲಕ್ಕೆ ಬಾಗಿದ ಕ್ಷಣವೇ ನೆಟ್ಟಗಿರುವ ಗೋಡೆಗಳು ಚಿತ್ರದಲ್ಲಿ ಒಂದಕ್ಕೊಂದು ವಾಲಿಕೊಳ್ಳುತ್ತವೆ. ಮೂರುವರೆ ಶತಮಾನ ನೆಟ್ಟಗೆ ನಿಂತ ಕಟ್ಟಡ ಕಾಗದದ ಮೇಲೆ ಕುಸಿಯುವಂತೆ ಕಾಣುತ್ತದೆ. ಆದುದರಿಂದ ಕ್ಯಾಮರಾವನ್ನು ಮಟ್ಟಸವಾಗಿ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಬೇಡವಾದರೆ ಆಮೇಲೆ ಕತ್ತರಿಸುವುದು ಲೇಸು. ಒಳಗೆ ಬೆಳಕು ಕಡಿಮೆ. ಮುಕ್ಕಾಲಿಯ ಸ್ಟ್ಯಾಂಡು ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಆದರೆ ಈ ಮಸೂರದಲ್ಲಿ ಕೈನಡುಕವನ್ನು ತಡೆಯುವ ಏರ್ಪಾಡು ಇರುವುದರಿಂದ, ಗೋಡೆಗೊರಗಿ ಉಸಿರು ಹಿಡಿದರೆ ಕಾಲು ಸೆಕೆಂಡಿನಲ್ಲಿಯೂ ಸ್ಪಷ್ಟ ಚಿತ್ರ ಬರುವುದುಂಟು.

ಗೋಳಗುಮ್ಮಟದ ಒಳಗೆ ಇಷ್ಟು ಉಪಕಾರಿಯಾದ ಈ ಮಸೂರವೇ ಊರ ಹೊರಗಿನ ಬಯಲಿಗೆ ಬಂದರೆ ನಿರುಪಯೋಗಿ ಎನಿಸುತ್ತದೆ. ನಮ್ಮ ಇಂಡಿ, ಸಿಂದಗಿ ಸೀಮೆಯ ಎರೆಹೊಲಗಳ ನಡುವೆ ನಿಂತು ಚಿತ್ರ ತೆಗೆದರೆ ಕೆಳಗರ್ಧ ಕರಿನೆಲ, ಮೇಲರ್ಧ ಬಿಳಿ ಆಕಾಶ. ನಡುವೆ ಸಾಸಿವೆ ಕಾಳಿನಷ್ಟು ಒಂದು ಬೇವಿನ ಗಿಡ. “ಎಲ್ಲವೂ ಬರಲಿ” ಎಂಬ ಆಸೆಯಿಂದ ಎಲ್ಲವೂ ಸಣ್ಣದಾಗಿಬಿಡುತ್ತದೆ. ಬಯಲಿನಲ್ಲಿ ಇದನ್ನು ಬಳಸುವ ರೀತಿಯೇ ಬೇರೆ. ಅಲ್ಲಿ ಹಿಂದೆ ಸರಿಯಬಾರದು, ಮುಂದೆ ಹೋಗಬೇಕು.

ಇಂಡಿಯ ಲಿಂಬೆ ತೋಟದಲ್ಲಿ ನಾನು ಇದನ್ನು ಪರೀಕ್ಷಿಸಿ ನೋಡಿದೆ. ಕಿತ್ತ ಕಾಯಿಯ ಬುಟ್ಟಿ ನನ್ನಿಂದ ಅರ್ಧ ಮೀಟರ್ ದೂರದಲ್ಲಿತ್ತು; ಕಾಯಿ ಕೀಳುವವರು 5 ಮೀಟರ್ ದೂರದಲ್ಲಿದ್ದರು. ಹತ್ತು ಪಟ್ಟು ಹತ್ತಿರವಿರುವ ಬುಟ್ಟಿ ಹೋಲಿಕೆಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ಕಂಡಿತು. ಅದರ ಹಿಂದೆ ತೋಟದ ಸಾಲುಗಳೆಲ್ಲ ಬಂದವು. 5 ಮೀಟರ್ ಹಿಂದಕ್ಕೆ ಸರಿದು ಮತ್ತೊಂದು ಚಿತ್ರ ತೆಗೆದಾಗ ಬುಟ್ಟಿ ಐದೂವರೆ ಮೀಟರಿಗೆ, ಜನ ಹತ್ತು ಮೀಟರಿಗೆ ಆದರು. ಹತ್ತು ಪಟ್ಟಿದ್ದುದು ಎರಡು ಪಟ್ಟಿಗೂ ಕಡಿಮೆಯಾಯಿತು. ಮಸೂರ ಬದಲಾಗಿರಲಿಲ್ಲ, ನಿಂತ ಜಾಗ ಬದಲಾಗಿತ್ತು. ಹತ್ತಿರ–ದೂರಗಳ ಭಾವನೆಯನ್ನು ಹುಟ್ಟಿಸುವುದು ಮಸೂರವಲ್ಲ, ನಮ್ಮ ಕಾಲು. ಅಗಲ ನೋಟದ ಮಸೂರ ನಮಗೆ ಹತ್ತಿರ ಹೋಗುವ ಸ್ವಾತಂತ್ರ್ಯವನ್ನಷ್ಟೇ ಕೊಡುತ್ತದೆ. ಹಾಗೆ ಹತ್ತಿರ ಹೋಗುವಾಗ ದುಡಿಯುವ ಜನರ ಅನುಮತಿ ಕೇಳುವುದು ಸಭ್ಯತೆ. ದೂರದಿಂದ ಕದ್ದು ತೆಗೆಯುವ ಅವಕಾಶವನ್ನು ಈ ಮಸೂರ ಕೊಡುವುದೇ ಇಲ್ಲವೆಂಬುದು ಅದರ ಇನ್ನೊಂದು ಗುಣ.

ಇದರಲ್ಲೊಂದು ದೋಷವೂ ಉಂಟು. ಚಿತ್ರದ ಅಂಚಿಗೆ ಬಂದ ವಸ್ತುಗಳನ್ನು ಇದು ಹಿಗ್ಗಿಸುತ್ತದೆ. 10 ಮಿ.ಮೀ.ನಲ್ಲಿ ಎಡ ಬಲದ ಅಂಚಿನಲ್ಲಿರುವ ದುಂಡು ಲಿಂಬೆ ಸುಮಾರು ಒಂದೂವರೆ ಪಟ್ಟು ಉದ್ದವಾಗಿ ತತ್ತಿಯಂತೆ ಕಾಣುತ್ತದೆ. ಗುಂಪಿನ ಚಿತ್ರದಲ್ಲಿ ತುದಿಗೆ ನಿಂತ ಗೆಳೆಯನ ಮುಖಕ್ಕೂ ಇದೇ ಗತಿ. ಜನರನ್ನು ನಡುವೆ ನಿಲ್ಲಿಸಿ, ಅಂಚುಗಳಿಗೆ ಗೋಡೆ, ನೆಲ, ಗಿಡಗಳನ್ನು ಬಿಡಬೇಕು. ಇಕ್ಕಟ್ಟಾದ ಕೋಣೆಯನ್ನು ಅರಮನೆಯಂತೆ ತೋರಿಸುವುದೂ ಇದರ ಚಾಳಿ. ಆದುದರಿಂದ ಅಳತೆ ತಿಳಿದ ವಸ್ತುವೊಂದು, ಒಂದು ಕೊಡವೋ, ಬಾಗಿಲ ಬಳಿ ನಿಂತ ಮನುಷ್ಯನೋ, ಚಿತ್ರದಲ್ಲಿರಲೇಬೇಕು.

ನಮ್ಮ ಜಿಲ್ಲೆಗೆ ಕ್ಯಾಮರಾ ಬಂದು ಬಹುಕಾಲವಾಯಿತು. 1855ರಲ್ಲಿ ಮುಂಬಯಿ ಸರಕಾರದ ಪರವಾಗಿ ಕ್ಯಾಪ್ಟನ್ ಬಿಗ್ಸ್ ಎಂಬವರು ಕಾಗದದ ನೆಗೆಟಿವುಗಳ ಮೇಲೆ ಬಿಜಾಪುರದ ಕಟ್ಟಡಗಳ ಚಿತ್ರ ತೆಗೆದರು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹದೊಡನೆ ಲಂಡನ್ನಿನಲ್ಲಿ ಪ್ರಕಟವಾದ ಬಿಜಾಪುರದ ವಾಸ್ತುಶಿಲ್ಪದ ಗ್ರಂಥದಲ್ಲಿ ಅವರ ಚಿತ್ರಗಳಿವೆ. 1916ರಲ್ಲಿ ಹೆನ್ರಿ ಕಝಿನ್ಸರು ಅಳತೆಯ ನಕ್ಷೆಗಳೊಡನೆ ಮತ್ತೊಂದು ದೊಡ್ಡ ಗ್ರಂಥ ಬರೆದರು. ಸುಲ್ತಾನರ ಕಟ್ಟಡಗಳಿಗೆ ಹೀಗೆ ದಾಖಲೆಗಳ ಕೊರತೆಯಿಲ್ಲ. ನಮ್ಮ ಅಜ್ಜ ಅಜ್ಜಿಯರ ಮನೆಗಳಿಗೆ?

ನಮ್ಮ ಬೀಗರ ಮನೆಯೊಂದು ಆಗಿನ ಬಸವನ ಬಾಗೇವಾಡಿ ತಾಲೂಕಿನ ಕೃಷ್ಣಾ ದಂಡೆಯ ಮೇಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಊರೇ ಎದ್ದುಹೋಯಿತು. ಆ ಮನೆಯ ಒಂದೇ ಚಿತ್ರ ಉಳಿದಿದೆ: ತಲಬಾಗಿಲ ಮುಂದೆ ಎಲ್ಲರೂ ಸಾಲಾಗಿ ನಿಂತದ್ದು. ಒಳಗಿನ ಪಡಸಾಲೆ, ಕಂಬ, ಜಂತಿ, ದನ ಕಟ್ಟುವ ಅಂಕಣ, ಬೆಳಕಿಂಡಿಯ ಕೆಳಗಿನ ಒಲೆ, ಇವುಗಳಲ್ಲಿ ಒಂದೂ ಇಲ್ಲ. ಅಂದಿನ ಸಾಮಾನ್ಯ ಕ್ಯಾಮರಾಕ್ಕೆ ಆ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗವಿರಲಿಲ್ಲ. ಆ ಮನೆಯ ಹಿರಿಯರು ಈಗ ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು, “ಇಲ್ಲಿ ಒಲಿ ಇತ್ತು, ಇಲ್ಲಿ ಹಗೇವು ಇತ್ತು” ಎಂದು ಮಕ್ಕಳಿಗೆ ತೋರಿಸುತ್ತಾರೆ.

ಈ ಕೆಲಸಕ್ಕೇ ನಮ್ಮ ಕಿರು ಮಸೂರ ಹೇಳಿ ಮಾಡಿಸಿದಂತಿದೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳು ಕೂಡುವ ಕೋನ 90 ಅಂಶ. 18 ಮಿ.ಮೀ. ಮಸೂರದ ಅಡ್ಡ ನೋಟ ಸುಮಾರು 63 ಅಂಶವಾದುದರಿಂದ ಮೂಲೆಯಲ್ಲಿ ನಿಂತರೂ ಅದಕ್ಕೆ ಕೋಣೆ ಪೂರ್ತಿಯಾಗಿ ಕಾಣಿಸದು. 10 ಮಿ.ಮೀ. ಮಸೂರದ್ದು ಸುಮಾರು 95 ಅಂಶ. ಮೂಲೆಗೆ ಬೆನ್ನು ಹಚ್ಚಿ ನಿಂತರೆ ಎಡಬಲದ ಎರಡೂ ಗೋಡೆಗಳು, ಎದುರಿನ ಮೂಲೆ, ನಡುವಿನ ಕಂಬಗಳು ಒಟ್ಟಿಗೆ ಸಿಕ್ಕುತ್ತವೆ. ಎದುರು ಬದುರಿನ ಎರಡು ಮೂಲೆಗಳಿಂದ ಎರಡು ಚಿತ್ರ ತೆಗೆದರೆ ಇಡೀ ಕೋಣೆ ದಾಖಲಾದಂತೆಯೇ.

ಮುದ್ದೇಬಿಹಾಳದ ಕಡೆಯ ಹಳ್ಳಿಯೊಂದರಲ್ಲಿ ಹೀಗೆ ಅಡಿಗೆಮನೆಯ ಮೂಲೆಯಲ್ಲಿ ನಿಂತಿದ್ದಾಗ ಆ ಮನೆಯ ಅಜ್ಜಿ, “ಈ ಹೊಗಿಗ್ವಾಡಿ ಏನ್ ತಗೀತಿ ಯಪ್ಪಾ, ಹೊರಗ ಬಾ, ಹೊಸಾ ಸೀರಿ ಉಟ್ಕೊಂಡ್ ನಿಂದರ್ತೀನಿ” ಎಂದರು. ಹೊಸ ಸೀರೆಯ ಚಿತ್ರವನ್ನೂ ತೆಗೆದುಕೊಟ್ಟೆ. ಆದರೆ ಹೊಗೆ ಹಿಡಿದ ಆ ಗೋಡೆ, ಗೂಡಿನಲ್ಲಿಟ್ಟ ಚಿಮಣಿ, ಒಲೆಯ ಮುಂದೆ ಕುಳಿತ ಅಜ್ಜಿ, ಇವೆಲ್ಲ ಒಂದೇ ಚೌಕಟ್ಟಿನಲ್ಲಿರುವ ಚಿತ್ರವನ್ನೇ ಅವರ ಮೊಮ್ಮಕ್ಕಳು ಕೇಳಿ ಪಡೆದರು. ಮುಂದಿನ ವರ್ಷ ಆ ಮನೆಯನ್ನು ಕೆಡವಿ ಸ್ಲ್ಯಾಬು ಹಾಕಿಸುವವರಿದ್ದಾರೆ.

ಪ್ರವಾಸವೆಂದರೆ ದೂರದ ಊರುಗಳಿಗೇ ಹೋಗಬೇಕೆಂದಿಲ್ಲ. ಬರುವ ರಜೆಯಲ್ಲಿ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದೊಂದು ಹಳೆಯ ಮನೆಯ ಒಳಭಾಗವನ್ನು, ಮನೆಯವರ ಒಪ್ಪಿಗೆ ಪಡೆದು, ಎರಡು ಮೂಲೆಗಳಿಂದ ತೆಗೆದು ತಂದರೆ ಸಾಕು. ಚಿತ್ರದ ಹಿಂದೆ ಊರು, ತಾರೀಖು, ಕೋಣೆಯ ಉದ್ದಗಲ, ನಿಂತ ಮೂಲೆ, ಮಸೂರದ ಸಂಗಮದೂರ ಇಷ್ಟನ್ನು ಬರೆದಿಡಬೇಕು. ಅಳತೆಯಿಲ್ಲದ ಅಗಲ ಚಿತ್ರ ಕಣ್ಣಿಗೆ ಹಬ್ಬ. ಅಳತೆಯಿರುವುದು ಮುಂದಿನವರಿಗೆ ಆಧಾರ. ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಕಪಾಟಿನಲ್ಲಿ ಅಂಥ ಒಂದು ಕಡತಕ್ಕೆ ಜಾಗ ಸಿಕ್ಕೀತೆಂದು ನಂಬಿದ್ದೇನೆ.