ಅಂಜಿದ ಮನಸ್ಸಿಗೆ ಆರೈಕೆ



ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಆದರೆ ಗಣಿಯೊಳಗಣ ಭಯವು ಅಲ್ಲಿ ದುಡಿದ ಎಲ್ಲರನ್ನೂ ಅಂದೇ ಬಿಟ್ಟುಹೋಗಲಿಲ್ಲ. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಆ ಆಳದಲ್ಲಿ ಮೇಲಣ ನೆಲದ ಭಾರಕ್ಕೆ ಬಂಡೆಯು ಒಮ್ಮೆಲೇ ಸಿಡಿಯುವದುಂಟು. ಆಗ ಮೇಲಿನ ಮನೆಗಳೂ ಅದುರುತ್ತಿದ್ದವು. ಅಂಥ ಸಿಡಿತದಲ್ಲಿ ಜೊತೆಗಾರರನ್ನು ಕಳಕೊಂಡು ತಾನು ಉಳಿದ ಒಬ್ಬ ವೃದ್ಧರನ್ನು ಬಂಗಾರಪೇಟೆಯಲ್ಲಿ ಬಲ್ಲೆವು. ಬಾಗಿಲು ದಡಾರನೆ ಬಡಿದರೆ ಅವರು ಇಂದಿಗೂ ಬೆಚ್ಚಿ ಗೋಡೆಗೆ ಒರಗುವರು. ರಾತ್ರಿ ದೀಪ ಆರಿಸಲು ಬಿಡರು. ನೆರೆಯವರು ಗಾಳಿ ಸೋಕಿತೆಂದರು; ಸಭೆಯವರು ಕೆಲವರು ನಂಬಿಕೆ ಸಾಲದೆಂದರು. ಎರಡೂ ತಪ್ಪು.

ಇದು ಏನು? ಇದು ಆಘಾತದ ತರುವಾಯ ಬರುವ ಮನೋರೋಗ. ಕಂಡದ್ದು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರಳಿ ಬರುವದು, ಅದನ್ನು ನೆನಪಿಗೆ ತರುವ ಸ್ಥಳಗಳಿಂದ ದೂರವಿರುವದು, ಸಣ್ಣ ಶಬ್ದಕ್ಕೂ ಬೆಚ್ಚುವದು ಇದರ ಗುರುತುಗಳು. ಅನೇಕರಲ್ಲಿ ಕೆಲವು ವಾರಗಳಲ್ಲಿ ಇವು ತಾವಾಗಿಯೇ ಇಳಿಯುವವು. ತಿಂಗಳು ಮೀರಿಯೂ ಉಳಿದು ಸಂಸಾರಕ್ಕೂ ಕೆಲಸಕ್ಕೂ ಅಡ್ಡಿಯಾದರೆ ಚಿಕಿತ್ಸೆ ಬೇಕು.

ಏನು ಮಾಡಬಾರದು? ನಡೆದದ್ದನ್ನು ಹೇಳೆಂದು ಒತ್ತಾಯಿಸಬಾರದು. ಸಭೆಯ ಮುಂದೆ ಸಾಕ್ಷಿ ಹೇಳಿರೆಂದು ಆ ವೃದ್ಧರನ್ನು ನಾವೇ ಒತ್ತಾಯಿಸಿದೆವು. ಅವರು ನಡುಗುತ್ತಾ ಎದ್ದುಹೋದರು. ಬಹು ದಿನ ಇತ್ತ ಬರಲಿಲ್ಲ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದಾಗ ಅವನಿಗೆ ಉಪಕಾರವನ್ನೇ ಮಾಡಿದರು. ಬಾಯಿ ತೆರೆದು ತಪ್ಪು ಹೊರಿಸಿದಾಗ ಗಾಯ ಹೆಚ್ಚಿಸಿದರು. ಮದ್ಯವಾಗಲಿ, ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ನಿದ್ರೆಯ ಮಾತ್ರೆಯಾಗಲಿ ಇದಕ್ಕೆ ಮದ್ದಲ್ಲ.

ನಾವು ಏನು ಮಾಡಬಹುದು? ಹತ್ತಿರ ಕೂತು, ಅವರು ತಾವಾಗಿ ಹೇಳಿದಷ್ಟನ್ನು ಕೇಳೋಣ. ಊಟ, ನಿದ್ರೆ, ಕೆಲಸಗಳು ಹೊತ್ತಿಗೆ ಸರಿಯಾಗಿ ನಡೆಯುವಂತೆ ನೆರವಾಗೋಣ. ಭಯ ಬಂದಾಗ ನಿಧಾನವಾಗಿ ಉಸಿರಾಡಿಸಿ, ತಾವು ಈಗ ಎಲ್ಲಿದ್ದೇವೆಂಬದನ್ನು ಅವರಿಗೆ ನೆನಪಿಸೋಣ.

ಚಿಕಿತ್ಸೆ ಎಲ್ಲಿ? ತರಬೇತಿ ಹೊಂದಿದವರು ರೋಗಿಯ ಸಮ್ಮತಿಯಿಂದ, ಸ್ವಲ್ಪಸ್ವಲ್ಪವಾಗಿ, ಆ ನೆನಪನ್ನು ಎದುರಿಸಲು ಕಲಿಸುವರು; ಹೀಗೆ ಅದು ಕಳೆದುಹೋದ ಸಂಗತಿಯಾಗಿ ನಿಲ್ಲುವದು. ಕೆಲವರಿಗೆ ಔಷಧವೂ ಬೇಕಾಗುವದು. ದೊಡ್ಡ ವೈದ್ಯರು ವಿರಳವಾದ ಕಡೆಯೂ ಇದು ಆಗದ ಕಾರ್ಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಆರೈಕೆಯನ್ನು ಕಲಿಸಿದರು; 1996ರಲ್ಲಿ ಅದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಆದದರಿಂದ ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಹಣವಿಲ್ಲದೆ ಫೋನ್ ಮಾಡಬಹುದು. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತಾಡಬಹುದು.

ನಾವು ಆ ವೃದ್ಧರ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಈಗ ಅವರ ಮಗನು ಅವರನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತಾನೆ. ದೀಪವು ಇನ್ನೂ ಉರಿಯುತ್ತದೆ. ಆದರೆ ಆರಾಧನೆಗೆ ಬಂದು ಬಾಗಿಲ ಹತ್ತಿರ ಕೂರುತ್ತಾರೆ. ಆ ಸ್ಥಳವನ್ನು ಅವರಿಗಾಗಿ ಬಿಟ್ಟಿದ್ದೇವೆ. ಬಾಗಿಲನ್ನು ಮೆಲ್ಲಗೆ ಮುಚ್ಚುತ್ತೇವೆ.

ಅಭ್ಯಾಸಕ್ಕೆ: ನಿಮ್ಮ ಊರಲ್ಲಿ ಹೀಗೆ ಅಂಜಿ ಬದುಕುವವರು ಯಾರು? ಈ ವಾರ ಅವರ ಬಳಿ ಯಾರು ಕೂರುವರು?